ಐದು ಉಪಯೋಗಗಳನ್ನು ಬರೆಯಿರಿ!

‘ಕಾಡಿನಿಂದಾಗುವ ಐದು ಉಪಯೋಗಗಳನ್ನು ಬರೆಯಿರಿ.’ ಮಲೆನಾಡಿನ ಶಾಲಾಮಕ್ಕಳಿಗೆ ಈ ಪ್ರಶ್ನೆ ಚಿರಪರಿಚಿತ. ಉತ್ತರವೂ ಹಾಗೆಯೇ: ಮಳೆ, ಮರಮುಟ್ಟು, ಔಷಧಿ, ಶುದ್ಧಗಾಳಿ, ಕಾಗದ. ಐದಕ್ಕೆ ಐದು ಅಂಕ. ‘ಯಾರಿಗೆ ಉಪಯೋಗ?’ ಎಂದು ಕೇಳುವ ಮಗುವಿಗೆ ಅಲ್ಲಿ ಜಾಗವಿಲ್ಲ. ಸೊಪ್ಪಿನಬೆಟ್ಟದಿಂದ ಹೊರೆ ಹೊತ್ತು ತಂದು ಕೊಟ್ಟಿಗೆಗೆ ಹಾಸುವ ತಾಯಿಯ ಮಗಳು ಕಾಡನ್ನು ಕಾಗದದ ಕಾರ್ಖಾನೆಯ ಕಣ್ಣಿನಿಂದ ನೋಡಲು ಕಲಿಯುವುದು ಹೀಗೆ.

ಕಾನೂನಿಗೇನೂ ಕೊರತೆಯಿಲ್ಲ. ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿಯೇ ಹೇಳಿತು. ಕಲಿಕೆಯನ್ನು ಬಾಯಿಪಾಠದಿಂದ ಬಿಡಿಸಿ ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ವಿಧಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಇನ್ನೂ ಮುಂದೆ ಹೋಗಿ, ಮಗು ಭಯವಿಲ್ಲದೆ ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳುವಂತಾಗಬೇಕು ಎನ್ನುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ಯನ್ನು ಕಟ್ಟಿದವರು ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರೇ. ಕೊರತೆಯಿರುವುದು ಧೈರ್ಯಕ್ಕೆ. ಯೋಚಿಸುವ ಮಗು ಯಾರಿಗೂ ಅನುಕೂಲದ ಪ್ರಾಣಿಯಲ್ಲ.

ಸೃಜನಶೀಲತೆಯ ಹೆಸರಿನಲ್ಲಿ ಈಗ ನಡೆಯುತ್ತಿರುವುದಾದರೂ ಏನು? ಪೇಟೆಯಿಂದ ಥರ್ಮೋಕೋಲ್ ತಂದು, ರಾತ್ರಿಯೆಲ್ಲ ಅಪ್ಪ ಕುಳಿತು ಕೊರೆದ ‘ಮಳೆಕಾಡು’! ಕಿಟಕಿಯಾಚೆ ನಿಜವಾದ ಕಾಡು ನಿಂತಿರುತ್ತದೆ.

ಅದರ ಬದಲು ಶಾಲೆಯ ಹಿಂದಿನ ಅಕೇಶಿಯಾ ತೋಪಿಗೆ ಮಕ್ಕಳನ್ನು ಕರೆದೊಯ್ಯಿರಿ. ಆಸ್ಟ್ರೇಲಿಯಾ ಕಡೆಯಿಂದ ಬಂದ ಈ ಮರದಲ್ಲಿ ನಾವು ಎಲೆ ಎಂದು ಕರೆಯುವುದು ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ಬುಡದಲ್ಲಿ ಆಗತಾನೇ ಮೊಳೆತ ಸಸಿಯನ್ನು ಹುಡುಕಿದರೆ ಸೀಗೆಯ ಸೊಪ್ಪಿನಂಥ ನಿಜವಾದ ಎಲೆ ಕಾಣುತ್ತದೆ. ಸಸಿ ಬೆಳೆದಂತೆ ಆ ಎಲೆಗಳು ಮಾಯವಾಗಿ ತೊಟ್ಟುಗಳೇ ಎಲೆಯ ಕೆಲಸ ಮಾಡುತ್ತವೆ. ಇದನ್ನು ಹೇಳಿಕೊಡಬಾರದು, ಮಕ್ಕಳೇ ಕಂಡುಕೊಳ್ಳಬೇಕು. ಬಳಿಕ ತೋಪಿನೊಳಗೆ ಒಂದು ಮಾರು ಚೌಕ, ಪಕ್ಕದ ಹಳೆಯ ಕಾಡಿನಲ್ಲಿ ಒಂದು ಮಾರು ಚೌಕ ಗುರುತಿಸಿ, ಎಷ್ಟು ಬಗೆಯ ಸಸಿಗಳಿವೆ, ತರಗೆಲೆ ಎಷ್ಟು ಕೊಳೆತಿದೆ, ಎರೆಹುಳು ಇದೆಯೇ ಎಂದು ಎಣಿಸಲಿ, ಬರೆಯಲಿ, ಜಗಳವಾಡಲಿ. ‘ಅಕೇಶಿಯಾ ಮಣ್ಣಿಗೆ ಸಾರಜನಕ ಸೇರಿಸುತ್ತದಲ್ಲವೇ?’ ಎಂದು ಒಬ್ಬನು ವಾದಿಸಿದರೆ ಅವನ ಬಾಯಿ ಮುಚ್ಚಿಸಬೇಡಿ. ಅವನ ಮಾತು ಸತ್ಯ. ಉರುವಲಿಗೆ ಅದೇ ಮರ ಆಗಿಬರುತ್ತದೆಂದು ಇನ್ನೊಬ್ಬಳು ಹೇಳಿಯಾಳು. ಅದೂ ಸತ್ಯ.

ಇಲ್ಲಿ ಪರಿಸರ ಹೋರಾಟಗಾರರಿಗೂ ಒಂದು ಮಾತು. ಜೂನ್ 5ರಂದು ಮಕ್ಕಳ ಕೈಗೆ ಫಲಕ ಕೊಟ್ಟು ಬಿಸಿಲಲ್ಲಿ ನಡೆಸಿ ಘೋಷಣೆ ಕೂಗಿಸುವುದು ಶಿಕ್ಷಣವಲ್ಲ. ಗೈಡಿನ ಉತ್ತರದ ಜಾಗದಲ್ಲಿ ಚಳವಳಿಯ ಉತ್ತರವನ್ನು ತುಂಬಿದರೆ ಮಗುವಿನ ಪಾಲಿಗೆ ಬಾಯಿಪಾಠ ಬಾಯಿಪಾಠವೇ.

ಐದು ತರಗತಿಗಳನ್ನು ಒಬ್ಬರೇ ನೋಡುತ್ತ, ಬಿಸಿಯೂಟದ ಲೆಕ್ಕ ಬರೆಯುತ್ತ, ಚುನಾವಣೆ-ಜನಗಣತಿಗೂ ಓಡುವ ಶಿಕ್ಷಕರನ್ನು ದೂರುವುದು ಅನ್ಯಾಯ. ಊರವರು ಜೊತೆಗೂಡಲಿ. ಹಳ್ಳದ ಜಾಡು ಬಲ್ಲ ಅಜ್ಜ, ಬೇರುಕಾಂಡ ಬಲ್ಲ ಅಜ್ಜಿ ವಾರಕ್ಕೊಂದು ಮಧ್ಯಾಹ್ನ ಮಕ್ಕಳೊಡನೆ ನಡೆಯಲಿ. ಪರೀಕ್ಷೆಯಲ್ಲಿ ಒಂದಾದರೂ ಪ್ರಶ್ನೆ ಹೀಗಿರಲಿ: ‘ನಿಮ್ಮೂರಿನ ಹಳ್ಳ ಯಾವ ತಿಂಗಳಲ್ಲಿ ಬತ್ತುತ್ತದೆ? ನಿಮ್ಮ ಅಜ್ಜಿಯ ಬಾಲ್ಯದಲ್ಲಿ ಯಾವಾಗ ಬತ್ತುತ್ತಿತ್ತು? ವ್ಯತ್ಯಾಸಕ್ಕೆ ನಿನಗೆ ತೋಚುವ ಕಾರಣವೇನು?’ ಇದಕ್ಕೆ ಯಾವ ಗೈಡಿನಲ್ಲೂ ಉತ್ತರ ಸಿಗದು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿನ ಸಭೆಯಲ್ಲಿ ಕಾಂಪೌಂಡು, ಸುಣ್ಣಬಣ್ಣದ ಮಾತು ಮುಗಿದ ಮೇಲೆ ನಾಲ್ಕನೆಯ ತರಗತಿಯ ಹತ್ತು ನೋಟುಪುಸ್ತಕಗಳನ್ನು ತರಿಸಿ ನೋಡಿ. ಹತ್ತರಲ್ಲೂ ಒಂದೇ ಉತ್ತರ ಒಂದೇ ವಾಕ್ಯದಲ್ಲಿ ಬರೆದಿದ್ದರೆ, ಏಕೆಂದು ಅಲ್ಲಿಯೇ ಎದ್ದುನಿಂತು ಕೇಳಿ.