ವ್ಯಾಯಾಮವೃತ್ತಿಯೂ ಪರಿಚಯದ ಬಲವೂ

ಮುಂಬಯಿ, ಪುಣೆ, ಹೈದರಾಬಾದು ಮೊದಲಾದ ನಗರಗಳಲ್ಲಿ ವ್ಯಾಯಾಮಶಾಲೆಯಿಲ್ಲದ ಬಡಾವಣೆ ಇಂದು ವಿರಳ. ಹಿಂದೆ ಗರಡಿಯ ಉಸ್ತಾದರು ನಿರ್ವಹಿಸುತ್ತಿದ್ದ ಕಾರ್ಯವನ್ನು ಈಗ ಜಿಮ್ಮಿನ ತರಬೇತುದಾರರು ವಹಿಸಿಕೊಂಡಿದ್ದಾರೆ. 2019ರ ಆಗಸ್ಟ್ 29ರಂದು ಕೇಂದ್ರ ಸರಕಾರವು ‘ಫಿಟ್ ಇಂಡಿಯಾ’ ಆಂದೋಲನವನ್ನು ಆರಂಭಿಸಿದಾಗ, ದೇಹಾರೋಗ್ಯವು ವ್ಯಕ್ತಿಯೊಬ್ಬನ ಚಿಂತೆ ಮಾತ್ರವಲ್ಲ, ರಾಷ್ಟ್ರದ ಚಿಂತೆಯೂ ಹೌದೆಂಬ ಭಾವನೆಗೆ ಅಧಿಕೃತ ಮುದ್ರೆ ಬಿದ್ದಂತಾಯಿತು. ಹೊರನಾಡಿನ ನಮ್ಮ ತರುಣರಲ್ಲಿ ಕೆಲವರು ಈ ವೃತ್ತಿಯತ್ತ ಒಲಿಯುವುದು ಸ್ವಾಭಾವಿಕ. ಆದರೆ ಒಳ್ಳೆಯ ಮೈಕಟ್ಟು, ಕೈಯಲ್ಲೊಂದು ಪ್ರಮಾಣಪತ್ರ, ಇವೆರಡಿದ್ದರೆ ಬದುಕು ಸಾಗೀತೆಂದು ಅವರು ನಂಬಿದರೆ ಅದು ಭ್ರಮೆಯೆಂದೇ ಹೇಳಬೇಕಾಗುತ್ತದೆ.

ಈ ವೃತ್ತಿಯ ಸ್ವರೂಪವೇ ಬೇರೆ. ಅನೇಕ ತರಬೇತುದಾರರಿಗೆ ನಿಗದಿಯಾದ ಸಂಬಳಕ್ಕಿಂತ, ತಮ್ಮಲ್ಲಿಯೇ ಕಲಿಯಬಯಸಿ ಬರುವ ಶಿಷ್ಯರ ಶುಲ್ಕದ ಪಾಲೇ ಮುಖ್ಯ ಆದಾಯ. ತನ್ನ ದೇಹವನ್ನು ಅಪರಿಚಿತನ ಕೈಗೊಪ್ಪಿಸಲು ಯಾರೂ ಸುಲಭವಾಗಿ ಒಪ್ಪರು. ಬಲ್ಲವರ ಮಾತೇ ಅವರಿಗೆ ಆಧಾರ. ಈ ಸತ್ಯವು 2020ರಲ್ಲಿ ಕಠೋರವಾಗಿ ಪ್ರಕಟವಾಯಿತು. ಕೊರೋನಾ ಪಿಡುಗಿನಿಂದಾಗಿ ಮಾರ್ಚಿಯಲ್ಲಿ ಮುಚ್ಚಿದ ವ್ಯಾಯಾಮಶಾಲೆಗಳು ಮಹಾರಾಷ್ಟ್ರದಲ್ಲಿ ಮತ್ತೆ ತೆರೆದದ್ದು ಅಕ್ಟೋಬರ್ 25ರ ದಸರೆಯಂದು. ಆ ಏಳು ತಿಂಗಳಲ್ಲಿ ಮಾಲಿಕನ ಬಾಗಿಲೊಂದನ್ನೇ ನೆಚ್ಚಿಕೊಂಡವರು ಬರಿಗೈಯವರಾದರು. ಶಿಷ್ಯರೊಡನೆ ನೇರವಾದ ಸ್ನೇಹವಿಟ್ಟುಕೊಂಡವರಿಗೆ ಮೊಬೈಲಿನ ಪರದೆಯ ಮೂಲಕವಾದರೂ ಪಾಠ ಮುಂದುವರಿಸುವ ದಾರಿ ಉಳಿದಿತ್ತು.

ಪರಿಚಯದ ಮಹತ್ವಕ್ಕೆ ದೂರದ ನಿದರ್ಶನ ಬೇಕಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರರು 1937ರಲ್ಲಿ ಯೋಗವನ್ನು ಕಲಿಸಲು ಪುಣೆಗೆ ಬಂದಾಗ ಇನ್ನೂ ಹದಿನೆಂಟರ ತರುಣರು. ಪರಭಾಷೆಯ ಊರು, ಕೈಯಲ್ಲಿ ಹಣವಿಲ್ಲ. ಅವರ ಗುರು ಕೃಷ್ಣಮಾಚಾರ್ಯರನ್ನು ಬಲ್ಲ ವೈದ್ಯ ಗೋಖಲೆಯವರ ಕೋರಿಕೆಯೇ ಅವರಿಗೆ ಈ ಅವಕಾಶವನ್ನು ಒದಗಿಸಿತ್ತು. 1952ರಲ್ಲಿ ಮುಂಬಯಿಯಲ್ಲಿ ಪಿಟೀಲು ವಿದ್ವಾಂಸ ಯಹೂದಿ ಮೆನುಹಿನರ ಭೇಟಿಯಾಯಿತು; 1954ರಲ್ಲಿ ಅದೇ ಸ್ನೇಹವು ಅವರನ್ನು ಯೂರೋಪಿಗೆ ಕರೆದೊಯ್ಯಿತು. ಆದರೆ ಈ ಎರಡು ಭೇಟಿಗಳ ನಡುವಣ ಹದಿನೈದು ವರ್ಷಗಳ ಕಠಿನ ಸಾಧನೆಯನ್ನು ನಾವು ಮರೆಯಲಾಗದು. ಪರಿಚಯವು ಬಾಗಿಲನ್ನು ತೆರೆಯಬಲ್ಲದು. ಒಳಗೆ ನಿಲ್ಲಿಸುವುದು ವಿದ್ಯೆ.

ಹಾಗಾದರೆ ಇದು ವಶೀಲಿಯ ಬೇರೊಂದು ಹೆಸರೇ ಎಂದು ಯಾರಾದರೂ ಕೇಳಬಹುದು. ಅಲ್ಲ. ವಶೀಲಿಯು ಅನರ್ಹನನ್ನು ಮುಂದೂಡುತ್ತದೆ. ವೃತ್ತಿಬಾಂಧವ್ಯವು ಅರ್ಹನನ್ನು ಎಚ್ಚರದಲ್ಲಿಡುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದಾಗ, ವ್ಯಾಯಾಮಕ್ಕೂ ಹೃದಯಕ್ಕೂ ಇರುವ ಸಂಬಂಧವನ್ನು ಕುರಿತು ಕನ್ನಡಿಗರ ಮನೆಮನೆಯಲ್ಲಿ ಚರ್ಚೆ ನಡೆಯಿತು. ವ್ಯಾಯಾಮವನ್ನೇ ದೂಷಿಸುವುದು ಸರಿಯಲ್ಲ. ಆದರೆ ಶಿಷ್ಯನು ಎದೆನೋವೆಂದಾಗ ಕೂಡಲೇ ಯಾವ ವೈದ್ಯರಲ್ಲಿಗೆ ಕಳುಹಿಸಬೇಕು, ಮೊಣಕಾಲು ಸವೆದವನಿಗೆ ಯಾವ ಅಭ್ಯಾಸ ಸಲ್ಲದು ಎಂಬುದನ್ನು ಅರಿಯದ ತರಬೇತುದಾರನು ಸ್ವತಃ ಅಪಾಯಕಾರಿ. ವೈದ್ಯರು, ಫಿಸಿಯೋಥೆರಪಿ ಬಲ್ಲವರು, ಹಿರಿಯ ಶಿಕ್ಷಕರು, ಇವರ ಒಡನಾಟವು ಅವನಿಗೆ ಅಲಂಕಾರವಲ್ಲ, ಕರ್ತವ್ಯದ ಅಂಗ.

ಈ ವಿಷಯದಲ್ಲಿ ಹೊರನಾಡ ಕನ್ನಡಿಗರಿಗೆ ಹೊಸದಾಗಿ ಉಪದೇಶಿಸಬೇಕಾದುದೇನೂ ಇಲ್ಲ. ಊರಿನವರೊಬ್ಬರ ಹೆಸರನ್ನು ಹಿಡಿದು ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಚರಿತ್ರೆ ನಮ್ಮದೇ. ಅಂದು ಹೋಟೆಲು ಉದ್ಯಮಕ್ಕೆ ದೊರೆತ ಆಸರೆ ಇಂದು ಈ ಹೊಸ ವೃತ್ತಿಗೂ ದೊರೆಯಬೇಡವೆ? ನಮ್ಮ ಸಂಘಗಳಿಗೆ ಸಭಾಗೃಹಗಳಿವೆ, ಸದಸ್ಯರಲ್ಲಿ ವೈದ್ಯರೂ ಇದ್ದಾರೆ. ತಿಂಗಳಿಗೊಮ್ಮೆಯಾದರೂ ತರುಣ ತರಬೇತುದಾರರನ್ನು ಅವರೊಡನೆ ಒಂದೆಡೆ ಕೂಡಿಸಿದರೆ ಹೆಚ್ಚಿನ ವೆಚ್ಚವಿಲ್ಲದೆ ದೊಡ್ಡ ಉಪಕಾರವಾದೀತು. ಆದರೆ ಆ ಕೂಟವು ಕನ್ನಡಿಗರಿಗಷ್ಟೇ ಸೀಮಿತವಾಗಬಾರದು. ನೆರೆಯ ಮರಾಠಿ, ತೆಲುಗು, ತಮಿಳು ಬಾಂಧವರಿಗೂ ಅದರ ಬಾಗಿಲು ತೆರೆದಿರಲಿ. ಅವರ ನಡುವೆಯೇ ದುಡಿಯಬೇಕಾದ ತರುಣನಿಗೆ ಅವರ ವಿಶ್ವಾಸವಿಲ್ಲದೆ ಏಳಿಗೆಯಿಲ್ಲ.

ಮೈಯ ಬಲವು ವಯಸ್ಸಿನೊಡನೆ ಇಳಿಯುತ್ತದೆ. ಗಳಿಸಿದ ವಿಶ್ವಾಸವು ವಯಸ್ಸಿನೊಡನೆ ಬೆಳೆಯುತ್ತದೆ. ನಮ್ಮ ತರುಣರು ಎರಡನ್ನೂ ಸಾಧಿಸಲೆಂಬುದೇ ನಮ್ಮ ಹಾರೈಕೆ.