ಸ್ಪೀಡ್ ಕೇಳಬೇಡಿ, ಅಗಲ ಕೇಳಿ

ಕಯಾಕ್ ಕೊಳ್ಳಲು ಹೋದವರು ಮೊದಲು ಕೇಳುವುದು, ‘ಎಷ್ಟು ಸ್ಪೀಡ್ ಹೋಗುತ್ತೆ?’ ಹಕ್ಕಿ ಫೋಟೊ ತೆಗೆಯುವವನಿಗೆ, ಗಾಳ ಹಾಕುವವನಿಗೆ ಸ್ಪೀಡ್ ಯಾಕೆ ಸ್ವಾಮಿ? ಬೇಕಿರುವುದು ಹೊಯ್ದಾಡದ ದೋಣಿ.

ಗೆಳೆಯನ 24 ಇಂಚು ಅಗಲದ ಕಯಾಕಿನಲ್ಲಿ ತುಂಗಭದ್ರಾ ಹಿನ್ನೀರಿಗಿಳಿದಿದ್ದೆ. ಬೆಳ್ಳಕ್ಕಿ ಹಿಂಡು ಎದ್ದಿತು. ಲೆನ್ಸ್ ಜತೆ ಸೊಂಟ ತಿರುಗಿಸಿದೆ, ಅಷ್ಟೇ. ಕ್ಯಾಮೆರಾ ನೀರುಪಾಲು. ಒಂಬತ್ತು ಕಂತು ಬಾಕಿಯಿತ್ತು. ಸುದ್ದಿಗಿಷ್ಟು ಅಂತ ಎಣಿಸಿ ಕೊಡುವ ದುಡ್ಡಿನಲ್ಲೇ ಕಟ್ಟಿದೆ.

ತಪ್ಪು ದೋಣಿಯದಲ್ಲ. ಅದನ್ನು ಮಾಡಿರುವುದು ದೂರ ಹುಟ್ಟು ಹಾಕಲು. ನಮ್ಮ ಕೆಲಸಕ್ಕೆ 32ರಿಂದ 36 ಇಂಚು ಅಗಲ, ಚಪ್ಪಟೆ ತಳ, ಮೇಲೆ ಕೂರುವ ಮಾದರಿ ಬೇಕು. ನಿಧಾನ ಹೋಗುತ್ತದೆ, ಹೋಗಲಿ ಬಿಡಿ. ಮಾರುವವರು ‘ಎತ್ತರದ ಸೀಟು, ಆರಾಮ’ ಎನ್ನುತ್ತಾರೆ. ಸೀಟು ಏರಿದಷ್ಟೂ ಓಲಾಟ ಹೆಚ್ಚು ಎನ್ನುವುದನ್ನು ಮಾತ್ರ ನುಂಗಿಬಿಡುತ್ತಾರೆ. ಭಾರದ ಮಿತಿಯೂ ಹಾಗೇ: ಲೆಕ್ಕಕ್ಕೆ ನೀವೊಬ್ಬರೇ ಅಲ್ಲ, ಕ್ಯಾಮೆರಾ ಚೀಲ, ನೀರು, ಹಿಡಿದ ಮೀನು ಎಲ್ಲ ಸೇರುತ್ತವೆ.

‘ನಮ್ಮ ಹರಿಗೋಲು ಸಾಲದೇ?’ ಎನ್ನುವ ಹಿರಿಯರಿದ್ದಾರೆ. ಹರಿಗೋಲು ಭದ್ರ, ಒಪ್ಪಿದೆ. ಒಬ್ಬರೇ ಕೂತು, ಹುಟ್ಟು ಬಿಟ್ಟು ಕ್ಯಾಮೆರಾ ಎತ್ತಿ ನೋಡಿ. ಬುಗುರಿ ತಿರುಗಿದ ಹಾಗೆ ತಿರುಗುತ್ತದೆ, ಅಷ್ಟರಲ್ಲಿ ಹಕ್ಕಿ ಬೆನ್ನ ಹಿಂದೆ.

ದುಡ್ಡು ಕೊಡುವ ಮೊದಲು ಮೊಣಕಾಲುದ್ದದ ನೀರಿನಲ್ಲಿ ಕೂತು, ಎಡಕ್ಕೆ ಬಲಕ್ಕೆ ವಾಲಿ, ಹಿಂದಿನ ಚೀಲಕ್ಕೆ ಕೈಹಾಕಿ ನೋಡಿ. ಅದಕ್ಕೆ ಒಪ್ಪದವನ ಹತ್ತಿರ ಕೊಳ್ಳಬೇಡಿ. ಸೆಕೆ ಎಂದು ಲೈಫ್ ಜಾಕೆಟ್ ಬಿಚ್ಚಿ ಕಾಲಡಿ ಇಡುವವರು ದಡದಿಂದಲೇ ಗಾಳ ಹಾಕಲಿ.