ದೋಣಿಯನ್ನು ಮೂಟೆ ಕಟ್ಟಬೇಡಿ (ಮಳೆಗಾಲದ ಸರಣಿ, ಭಾಗ 3)

ಮೊದಲ ಫೋಟೋದಲ್ಲಿರುವ ನೀಲಿ ಮೂಟೆ ನೋಡಿ. ಒಳಗೆ ಒಂದು ಮರದ ದೋಣಿ ಉಂಟು. ಸುತ್ತ ಹಗ್ಗ ಬಿಗಿದು, ಅಡಿಗೂ ಶೀಟ್ ಸುತ್ತಿ, ಒಂದು ಹನಿಯೂ ಹೋಗದ ಹಾಗೆ ಕಟ್ಟಿದ್ದಾರೆ. ನೋಡಿದವರೆಲ್ಲ "ಎಷ್ಟು ಚಂದ ಪ್ಯಾಕ್ ಆಗಿದೆ" ಅಂತಾರೆ. ನನಗೆ ಅದು ದೋಣಿಯನ್ನು ಕೊಳೆಯಲು ಇಟ್ಟ ಹಾಗೆ ಕಾಣುತ್ತೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕಡಲಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಟ್ರಾಲ್ ಬೋಟುಗಳು ಬಂದರಲ್ಲಿ ಸಾಲಾಗಿ ನಿಲ್ತಾವೆ, ಅವುಗಳ ಕಥೆ ಬೇರೆ. ನಾನು ಹೇಳ್ತಿರೋದು ದಡಕ್ಕೆ ಎಳೆದಿಡುವ ಕೈರಂಪಣಿ ದೋಣಿ, ಹೊಳೆಬದಿಯ ಸಣ್ಣ ಪಾತಿ, ಇಂಥವುಗಳ ಬಗ್ಗೆ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಎಲ್ಲರ ತಲೆಯಲ್ಲಿ ಆ ಮಳೆ ಮಾತ್ರ. ಒಳಗೆ ಸಿಕ್ಕಿಬಿದ್ದ ಹಬೆ ಯಾರಿಗೂ ನೆನಪಿಲ್ಲ ಮಾರಾಯ್ರೆ.

ಅಡಿಯಲ್ಲಿ ಒದ್ದೆ ಮರಳು, ಮಧ್ಯೆ ಒದ್ದೆ ಮರ, ಮೇಲೆ ಗಾಳಿಯಾಡದ ಪ್ಲಾಸ್ಟಿಕ್. ಒಂದೆರಡು ಗಂಟೆ ಬಿಸಿಲು ಬಂದರೆ ತೇವ ಆವಿಯಾಗಿ ಏಳುತ್ತೆ, ರಾತ್ರಿ ತಣ್ಣಗಾದ ಶೀಟಿಗೆ ತಾಗಿ ಹನಿಯಾಗಿ ದೋಣಿಗೇ ವಾಪಸ್ ಬೀಳುತ್ತೆ. ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯೋದಿಲ್ಲ. ಮೂಟೆಯೊಳಗೆ ಅದು ಅಷ್ಟಕ್ಕೆ ಇಳಿಯೋದು ಹೇಗೆ? ಉಪ್ಪು ಶಿಲೀಂಧ್ರವನ್ನು ತಡೆಯುತ್ತೆ, ಮಳೆಯ ಸಿಹಿನೀರು ಸಾಕುತ್ತೆ. ಕಡಲಲ್ಲಿ ಗಟ್ಟಿಯಾಗಿದ್ದ ದೋಣಿ ಅಂಗಳದಲ್ಲಿ ಹಾಳಾಗೋದು ಹೀಗೇ. ಫೈಬರ್ ದೋಣಿಯವರು ನಗಬೇಡಿ, ಎಂಜಿನ್ ಕೂರುವ ಹಿಂಬದಿಯಲ್ಲಿ ಫೈಬರ್ ಒಳಗೆ ಪ್ಲೈವುಡ್ ಇರುವ ದೋಣಿಗಳು ಎಷ್ಟೋ ಉಂಟು.

ರೀಲ್ಸಲ್ಲಿ ಅಮೆರಿಕದವರು ಚಳಿಗಾಲಕ್ಕೆ ದೋಣಿಯ ಮೇಲೆ ಬಿಳಿ ಪ್ಲಾಸ್ಟಿಕ್ ಬಿಸಿ ಮಾಡಿ ಬಿಗಿಯೋದು ನೋಡಿ "ನಾವೂ ಹಾಗೇ ಮಾಡುವ" ಅನ್ನುವವರಿದ್ದಾರೆ. ಅಲ್ಲಿನ ಕಾಟ ಹಿಮದ ಭಾರ, ಹೆಪ್ಪುಗಟ್ಟುವ ನೀರು. ಅವರೂ ಆ ಹೊದಿಕೆಗೆ ಗಾಳಿಕಿಂಡಿ ಇಡ್ತಾರೆ, ಒಳಗೆ ಕಂಬ ಕೊಡ್ತಾರೆ. 30 ಸೆಕೆಂಡಿನ ವಿಡಿಯೋದಲ್ಲಿ ಅದು ಕಾಣಬೇಕಲ್ಲ!

ಅಜ್ಜಂದಿರು ಹೆಣೆದ ಮಡಲು ಹೊದಿಸ್ತಿದ್ದರು. ಅದನ್ನು ಬಡತನ ಅಂತ ನಗೋದು ನನಗೆ ಸಿಟ್ಟು ತರಿಸುತ್ತೆ. ಮಡಲಿನ ಮೇಲೆ ನೀರು ಜಾರುತ್ತೆ, ಸಂದಿಯಲ್ಲಿ ಗಾಳಿ ಆಡುತ್ತೆ. ಆದರೆ ಪ್ರತಿ ವರ್ಷ ಹೊಸ ಮಡಲು ಬೇಕು, ಹೆಣೆಯಲು ಜನ ಬೇಕು, ಗೆದ್ದಲಿನ ಕಾಟ ಬೇರೆ. ಎಲ್ಲರಿಗೂ ಆಗುವ ಕೆಲಸ ಅಲ್ಲ, ಒಪ್ಪಿದೆ. ಟಾರ್ಪಾಲೇ ತನ್ನಿ, ಆದರೆ ಮಾಡಿನ ಹಾಗೆ ಹಾಕಿ. ನಡುವೆ ಬಿದಿರು ಎತ್ತರಕ್ಕೆ ಕಟ್ಟಿ, ಎರಡು ಕಡೆ ಕಡಿದಾದ ಇಳಿಜಾರು ಕೊಟ್ಟು, ಎರಡೂ ತುದಿ ತೆರೆದಿಡಿ. ಜೋತ ಜಾಗದಲ್ಲಿ ಒಂದು ಚದರ ಮೀಟರ್ ಅಗಲಕ್ಕೆ 10 ಸೆಂ.ಮೀ. ನೀರು ನಿಂತರೆ 100 ಕೆ.ಜಿ. ಭಾರ, ಲೆಕ್ಕ ಹಾಕಿ ನೋಡಿ. ದೋಣಿಯನ್ನು ಮರಳಿಂದ ಎತ್ತಿ ಕೊರಡಿನ ಮೇಲೆ ಇಡಿ. ತಳದ ಬಿರಡೆ ತೆಗೆದಿಡಿ.

ಅಂಗಡಿಯಲ್ಲಿ "ವಾಟರ್‌ಪ್ರೂಫಾ?" ಅಂತ ಕೇಳಬೇಡಿ, ಎಲ್ಲದಕ್ಕೂ ಹೌದು ಅಂತಾನೆ. ಜಿಎಸ್‌ಎಂ ಎಷ್ಟು, ಯುವಿ ತಡೆ ಉಂಟಾ ಕೇಳಿ. 90 ಜಿಎಸ್‌ಎಂ ಶೀಟು ಅಗ್ಗ, ಆದರೆ ಕಡಲ ಗಾಳಿಗೆ ಹರಿದು ಚಿಂದಿಯಾಗುತ್ತೆ. 200ರ ಮೇಲಿನದು ತಂದರೆ ಮುಂದಿನ ವರ್ಷವೂ ಮಡಚಿಟ್ಟು ಬಳಸಬಹುದು. ಹರಿದ ಚೂರುಗಳು ಎಲ್ಲಿಗೆ ಹೋಗ್ತಾವೆ ಅಂತ ಕೇಳುವವರು ಕೊನೆಯ ಫೋಟೋದಲ್ಲಿ ಬಲೆಗೆ ಸಿಕ್ಕ ನೀಲಿ ಎಳೆಗಳನ್ನು ಜೂಮ್ ಮಾಡಿ ನೋಡಿ.

ಭಾಗ 4ರಲ್ಲಿ ಎಂಜಿನ್.